ಬೆಂಚಿನ ಮೇಲಿನ ಐವರು

ಸ್ಟುಟ್‌ಗಾರ್ಟ್
14 ಏಪ್ರಿಲ್ 2002

ಪ್ರೇಮಾ,

ನನ್ನ ಕುರ್ಚಿ ಹೇಗಿದೆ? ಅದರ ಎಡಗಾಲು ಸ್ವಲ್ಪ ಮೋಟು, ಕೆಳಗೆ ರಟ್ಟು ಇಟ್ಟುಕೋ ಎಂದು ಹೇಳಲು ಮರೆತೇ ಬಂದಿದ್ದೆ. ನನ್ನ ರಜೆ ಮುಗಿಯುವ ಜೂನ್ ಮೂವತ್ತರವರೆಗೆ ಕುರ್ಚಿಯೂ ನಿನ್ನದು, ಸೀಟಿಯೂ ನಿನ್ನದು, ಕಬಡ್ಡಿ ಹುಡುಗಿಯರೂ ನಿನ್ನವರು. ಜುಲೈ ಒಂದಕ್ಕೆ ನಾನು ಬಂದು ಬಾಗಿಲಲ್ಲಿ ನಿಂತಾಗ ಎದ್ದುಬಿಡು, ಅಷ್ಟೇ.

ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ಹೇಳೋಣವೆಂದರೆ ಕಾಲೇಜಿನ ಫೋನು ಪ್ರಿನ್ಸಿಪಾಲರ ಮೇಜಿನ ಮೇಲಿದೆ, ನೀನು ಬರೀ "ಹ್ಞೂಂ, ಹ್ಞೂಂ" ಅನ್ನುತ್ತೀ. ವಿಷಯ ಏನೆಂದರೆ, ನನಗೆ ಇಲ್ಲಿ ಒಂದು ತಂಡ ಸಿಕ್ಕಿದೆ.

ನಮ್ಮ ಮನೆಯವರು ಗುರುಬಸಪ್ಪನವರಿಗೆ ಕಂಪ್ಯೂಟರ್ ಕೆಲಸಕ್ಕೆಂದು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ಇಲ್ಲಿಯ ಸರಕಾರ ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ "ಈಕೆ ದುಡಿಯುವಂತಿಲ್ಲ" ಎಂದು ಚೀಟಿ ಅಂಟಿಸಿದೆ. ಒಂಬತ್ತು ತಿಂಗಳು ರೊಟ್ಟಿ ತಟ್ಟಿದೆ, ಬಾಲ್ಕನಿಯಲ್ಲಿ ನಿಂತೆ. ಕೆಳಗೇ ಯೂನಿವರ್ಸಿಟಿ ಹುಡುಗರ ಮೈದಾನ. ಅವರು ಆಡುವುದು ಅಮೆರಿಕದ ಫುಟ್‌ಬಾಲ್. ಹೆಸರು ಫುಟ್‌ಬಾಲ್, ಆಟವೆಲ್ಲ ಕೈಯಲ್ಲಿ, ಹೆಗಲಲ್ಲಿ. ಎದುರಾಳಿ ಚೆಂಡು ಹಿಡಿದು ನುಗ್ಗಿ ಬರುತ್ತಾನೆ, ಇವರ ನಾಲ್ವರು ದಡಿಯರು ಮುಂದೆ ಸಾಲಾಗಿ ನಿಂತು ತಡೆಯಬೇಕು. ಐದಾರು ಸೆಕೆಂಡಿನ ಜಟಾಪಟಿ, ಮತ್ತೆ ಎದ್ದು ನಿಲ್ಲುವುದು, ಮತ್ತೆ ಜಟಾಪಟಿ. ಆ ನಾಲ್ವರ ಸಾಲಿಗೆ ಡಿಫೆನ್ಸಿವ್ ಲೈನ್ ಅನ್ನುತ್ತಾರೆ. ನಮ್ಮ ಕಬಡ್ಡಿಯಲ್ಲಿ ಮೂಲೆ ಕಾಯುವ ಕಾರ್ನರ್ ಇದ್ದ ಹಾಗೆಯೇ, ಒಬ್ಬೊಬ್ಬರು ನೂರು ಕೆ.ಜಿ. ಮೇಲೆ.

ಪ್ರತಿದಿನ ನೋಡುತ್ತೇನೆ, ಅದೇ ನಾಲ್ವರು ನಾಲಿಗೆ ಹೊರಗೆ ಬರುವವರೆಗೆ ಆಡುತ್ತಾರೆ. ಇನ್ನೂ ಐವರು ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದು ಕೂತಿರುತ್ತಾರೆ. ಒಂದು ದಿನ ತಡೆಯಲಾರದೆ ಇಳಿದುಹೋಗಿ ಕೋಚ್ ಯೋರ್ಗ್‌ನನ್ನು ಕೇಳಿದೆ. ಮೆಕ್ಯಾನಿಕಲ್‌ನಲ್ಲಿ ಪಿಎಚ್.ಡಿ. ಮಾಡುವ ಹುಡುಗ. "ನಮ್ಮ ಲೈನಿಗೆ ಆಳವಿಲ್ಲ" ಎಂದು ನಿಟ್ಟುಸಿರು ಬಿಟ್ಟ. ಅವರ ಭಾಷೆಯಲ್ಲಿ ಆಳವೆಂದರೆ ಮುಂದಿನವರು ದಣಿದಾಗ ಹಿಂದಿನಿಂದ ಬಂದು ನಿಲ್ಲುವವರು. ಹಾಗಾದರೆ ಆ ಐವರು ಯಾರಪ್ಪ ಎಂದೆ. ಅವರು ಎರ್ಜಾಟ್ಸ್, ಅಂದರೆ ಬದಲಿಗಳು, ಅಷ್ಟೇನೂ ಉಪಯೋಗವಿಲ್ಲ ಎಂದ.

ನೀನು ಯಾರು ಎಂದು ಅವನೂ ಕೇಳಿದ. ಕಬಡ್ಡಿಯಲ್ಲಿ ಕರ್ನಾಟಕ ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ತಂಡದವಳು, ನಾಲ್ಕು ವರ್ಷ ರೈಟ್ ಕಾರ್ನರ್ ಎಂದೆ. ಅರ್ಥವಾಗಲಿಲ್ಲ. ಪಾದ ಹಿಡಿದು ತೋರಿಸಿದೆ. ಬಿದ್ದ. ಮೂರನೇ ದಿನ ವಿದೇಶಿಯರ ಕಚೇರಿಯಿಂದ ಒಂದು ಪತ್ರ ತಂದ: ಚೀಟಿ ಅಂಟಿಸಿಕೊಂಡ ಹೆಂಗಸು ಪುಕ್ಕಟೆ ಕಲಿಸಬಹುದೇ ಎಂದು ಕೇಳಿದ್ದನಂತೆ, ಕಲಿಸಬಹುದು ಎಂದು ಬರೆದುಕೊಟ್ಟಿದ್ದಾರೆ. ಈಗ ನಾನು ಚೂಡಿದಾರದ ಮೇಲೆ ಜರ್ಕಿನ್ ಹಾಕಿಕೊಂಡು ಒಂಬತ್ತು ಜರ್ಮನರನ್ನು ಓಡಿಸುತ್ತೇನೆ. ನನಗೆ ಬೇಕಾದದ್ದು ಎರಡೇ ಶಬ್ದ, ರೌಸ್ ಅಂದರೆ ಹೊರಗೆ, ರೈನ್ ಅಂದರೆ ಒಳಗೆ.

ನಿನ್ನ
ಸೌಭಾಗ್ಯಾ


ಬಾಗಲಕೋಟೆ
26 ಏಪ್ರಿಲ್ 2002

ಸೌಭಾಗ್ಯಾ,

ಕುರ್ಚಿಗೆ ರಟ್ಟು ಮೊದಲ ದಿನವೇ ಇಟ್ಟೆ. ಜುಲೈ ಒಂದರ ಮಾತು ಓದಿದೆ.

ಹಳೇ ಊರಿನ ನಮ್ಮ ಮೈದಾನಕ್ಕೆ ಈ ಸಲ ಅಣೆಕಟ್ಟಿನ ಹಿನ್ನೀರು ಬಂದೇ ಬರುತ್ತದೆ. ನವನಗರದಲ್ಲಿ ಕೊಟ್ಟಿರುವ ಜಾಗದ ತುಂಬ ಗರಸು, ಬಿದ್ದರೆ ಮೊಣಕಾಲು ಉಳಿಯುವುದಿಲ್ಲ. ಹುಡುಗಿಯರನ್ನು ಕರೆದುಕೊಂಡು ಹೋಗಿ ಹಳೇ ಅಂಕಣದ ಮಣ್ಣನ್ನೇ ಎರಡು ಟ್ರ್ಯಾಕ್ಟರ್ ತುಂಬಿಸಿ ತಂದು ಹಾಸಿದೆವು. ಪ್ರಿನ್ಸಿಪಾಲರು ಬಂದು ನೋಡಿ, "ಮಣ್ಣ ಹೊರಾಕ ನಿಮ್ಮನ್ನ ತಗೊಂಡೀವೇನ್ರಿ?" ಎಂದರು. ಆಮೇಲೆ ಅವರೇ ಚಪ್ಪಲಿ ಬಿಟ್ಟು ಅದರ ಮೇಲೆ ಒಂದು ಸುತ್ತು ನಡೆದರು.

ತಂಡದಲ್ಲಿ ಹನ್ನೆರಡು ಹುಡುಗಿಯರಿದ್ದಾರೆ. ಕಲಾದಗಿಯ ಬಸಲಿಂಗವ್ವ ಎಂಬುವಳು ರೇಡಿಗೆ ಹೋದರೆ ಬರಿಗೈಯಲ್ಲಿ ಬರುವುದಿಲ್ಲ. ಬಾಯಿಯೂ ಜೋರು.

ನಿನ್ನ ದಡಿಯರ ಆಟ ನಾನು ನೋಡಿಲ್ಲ. ಒಂದು ಮಾತು ಕೇಳಿಕೊಂಡಿದ್ದೀಯೋ ಇಲ್ಲವೋ, ಆ ಆಟದಲ್ಲಿ ಬಿದ್ದವನು ಔಟಾಗುತ್ತಾನೆಯೇ? ನಿನ್ನದು ಯಾವಾಗಲೂ ಮೊದಲು ಹಾರಿ ಆಮೇಲೆ ನೋಡುವ ಸ್ವಭಾವ, ಅದಕ್ಕೆ ಬರೆದೆ.

ಪ್ರೇಮಕುಮಾರಿ


ಸ್ಟುಟ್‌ಗಾರ್ಟ್
6 ಮೇ 2002

ಪ್ರೇಮಾ,

ನಗಬೇಡ. ಕೂತು ಓದು.

ಶನಿವಾರ ನನ್ನ ಮೊದಲ ಮ್ಯಾಚ್. ಅದಕ್ಕೂ ಮುಂಚೆ ಮೂರು ವಾರ ಒಂಬತ್ತೂ ಜನಕ್ಕೆ ನಮ್ಮ ಪದ್ಧತಿ ಕಲಿಸಿದ್ದೆ: ಬಿದ್ದವನು ರೌಸ್, ಬಂದು ಬೆಂಚಿನ ತುದಿಗೆ ಕೂರಬೇಕು. ಎಲ್ಲರಿಗಿಂತ ಮೊದಲು ಕೂತವನು ರೈನ್. ಕಬಡ್ಡಿಯಲ್ಲಿ ಔಟಾದವರು ಸಾಲಾಗಿ ಕೂತು, ಸಾಲಿನ ಪ್ರಕಾರ ಜೀವ ಬಂದು ಒಳಗೆ ಹೋಗುವ ಹಾಗೆ. ಜರ್ಮನರಿಗೆ ನಿಯಮವೆಂದರೆ ಎಷ್ಟು ಪ್ರೀತಿ ಎಂದು ನಿನಗೆ ಗೊತ್ತಿಲ್ಲ. ಒಬ್ಬನೂ ಯಾಕೆ ಎಂದು ಕೇಳಲಿಲ್ಲ.

ಮೊದಲ ಜಟಾಪಟಿಯಲ್ಲೇ ಮಥಿಯಾಸ್ ಎಂಬ ಬೆಟ್ಟದಂಥ ಹುಡುಗ ಬಿದ್ದ. ಎದ್ದ. ಎದುರಾಳಿ ಇನ್ನೂ ಚೆಂಡು ಹಿಡಿದು ಓಡುತ್ತಿದ್ದಾನೆ, ಇವನು ಮೈ ಕೊಡವಿಕೊಂಡು ನೆಟ್ಟಗೆ ಬೆಂಚಿನ ಕಡೆ ನಡೆದ. ಓಡುವವನಿಗೆ ಮಥಿಯಾಸ್ ಬಿಟ್ಟ ಜಾಗ ಅಗಸೆ ಬಾಗಿಲಿನ ಹಾಗೆ ಕಂಡಿರಬೇಕು, ಅಲ್ಲಿಂದಲೇ ಕೊನೇ ಗೆರೆಯವರೆಗೆ ಹೋದ. ಎರಡನೇ ಸಲ ಎಮ್ರೆ ಬಿದ್ದ, ಅವನು ಹೊರಬರುವ ಮೊದಲೇ ಬೆಂಚಿನವನು ಆಟದ ನಡುವೆ ಓಡಿಹೋದ. ಅಂಪೈರು ಹಳದಿ ಬಟ್ಟೆ ಎಸೆದು ಎಣಿಸಿದ, ಹನ್ನೊಂದು ಇರಬೇಕಾದಲ್ಲಿ ಹನ್ನೆರಡು. ಯೋರ್ಗ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತ. ಮೂವತ್ತೊಂದಕ್ಕೆ ಸೊನ್ನೆಯಿಂದ ಸೋತೆವು.

ಆದರೆ ಒಂದು ವಿಷಯ ಯೋರ್ಗ್ ಕೂಡ ಒಪ್ಪಿದ. ಕೊನೇ ಹತ್ತು ನಿಮಿಷ ಎದುರಿನವರು ಏದುಸಿರು ಬಿಡುತ್ತಿದ್ದರು, ನಮ್ಮವರು ತಾಜಾ ಇದ್ದರು. ಈ ಆಟದಲ್ಲಿ ಎಷ್ಟು ಸಲ ಬೇಕಾದರೂ ಜನ ಬದಲಾಯಿಸಬಹುದು, ಜಟಾಪಟಿ ಮುಗಿದ ಮೇಲೆ ಮಾತ್ರ. ಅಷ್ಟು ತಿದ್ದಿಕೊಂಡರೆ ಪದ್ಧತಿ ಸರಿಯೇ ಇದೆ.

ತೊಂದರೆ ಬೇರೆ ಕಡೆ ಇದೆ. ಬೆಂಚಿನ ಐವರು ಒಳಗೆ ಹೋದರೂ ಮನಸ್ಸಿಟ್ಟು ಆಡುವುದಿಲ್ಲ. ಟೋರ್ಸ್ಟನ್ ಎಂಬುವನಂತೂ ಹೆಲ್ಮೆಟ್ ಹಾಕುವಷ್ಟರಲ್ಲಿ ಹತ್ತು ಸಲ ನನ್ನ ಮುಖ ನೋಡುತ್ತಾನೆ. ನನಗೆ ಬೆಂಚು ಗೊತ್ತಿಲ್ಲ, ನಿನಗೆ ಗೊತ್ತು. ನಾಲ್ಕು ವರ್ಷ ನನ್ನ ಹಿಂದೆ ನೀನೇ ಅಲ್ಲವೇ ಕೂತಿದ್ದದ್ದು? ಅಲ್ಲಿ ಕೂತವರಿಗೆ ಏನನಿಸುತ್ತದೆ, ಸ್ವಲ್ಪ ಬರೆ.

ಸೌಭಾಗ್ಯಾ

ಈ ಪತ್ರ ಅಂಟಿಸುವಾಗ ನಿನ್ನದು ಬಂತು. ಬಿದ್ದವನು ಔಟಾಗುತ್ತಾನೆಯೇ ಎಂದು ಈಗ ಕೇಳುತ್ತೀಯಲ್ಲ, ಮಹರಾಯಿತಿ.


ಬಾಗಲಕೋಟೆ
18 ಮೇ 2002

ಸೌಭಾಗ್ಯಾ,

ನಕ್ಕೆ. ಮಥಿಯಾಸ್ ನಡೆದುಬಂದದ್ದನ್ನು ಹುಡುಗಿಯರಿಗೆ ನಟಿಸಿ ತೋರಿಸಿದೆ, ಬಸಲಿಂಗವ್ವ ನೆಲಕ್ಕೆ ಬಿದ್ದು ಹೊರಳಾಡಿದಳು.

ಬೆಂಚಿನ ಬಗ್ಗೆ ಕೇಳಿದ್ದೀ. ಹದಿಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅದಕ್ಕೇ ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನಾವಿಬ್ಬರೂ ತಂಡದಲ್ಲಿದ್ದಾಗ ಒಟ್ಟು ಮೂವತ್ತೊಂದು ಮ್ಯಾಚ್ ಆದವು. ಪ್ರತಿ ಮ್ಯಾಚಿಗೂ ನಾನು ಮೊಣಕಾಲಿನ ಪಟ್ಟಿ ಕಟ್ಟಿ, ಜಡೆ ಬಿಗಿದು, ಬಳೆ ತೆಗೆದಿಟ್ಟು ಕೂರುತ್ತಿದ್ದೆ. ನೀನು ಎದುರಾಳಿಯ ಪಾದ ಹಿಡಿದಾಗ ನನ್ನ ಕೈಯೂ ಮುಷ್ಟಿಯಾಗುತ್ತಿತ್ತು. ನೀನು ಜಾರಿ ಬಿದ್ದಾಗ ಎದೆ ಡವಡವ ಅನ್ನುತ್ತಿತ್ತು, ಅದು ಹೆದರಿಕೆಯೋ ಆಸೆಯೋ ಎಂದು ನನಗೇ ತಿಳಿಯುತ್ತಿರಲಿಲ್ಲ. ಆಮೇಲೆ ನೀನು ಏಳುತ್ತಿದ್ದೆ. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಮ್ಯಾಚ್ ಮುಗಿದ ಮೇಲೆ ಪಟ್ಟಿ ಬಿಚ್ಚಿದರೆ ಒಂದು ತೊಟ್ಟು ಬೆವರಿಲ್ಲದೆ ಒಣಗಿರುತ್ತಿತ್ತು, ಅದನ್ನು ಮಡಚಿ ಇಡುವುದು ಒಂದು ನಾಚಿಕೆ.

ಬದಲಿಯಾಗಿರುವುದರಲ್ಲಿ ಅವಮಾನವಿಲ್ಲ. ಕಾಯುವುದೂ ಅಷ್ಟು ಕಷ್ಟವಲ್ಲ. ಯಾವಾಗ ಎಂದು ತಿಳಿಯದೆ ಕಾಯುವುದು ಕಷ್ಟ. ನಿನ್ನ ಹುಡುಗರಿಗೆ ಮ್ಯಾಚಿನ ಹಿಂದಿನ ದಿನವೇ ಹೇಳು: ನೀನು ಇಷ್ಟನೇ ಆಟಕ್ಕೆ ಹೋಗುತ್ತೀ, ಇಂಥವನ ಎದುರು ನಿಲ್ಲುತ್ತೀ. ಬೇಕಾದರೆ ಚೀಟಿ ಬರೆದು ಕೊಡು. ಆಗ ಬೆಂಚಿನ ಮೇಲೆ ಕೂತವನು ನಿನ್ನ ಮುಖ ನೋಡುವುದಿಲ್ಲ, ಎದುರಾಳಿಯ ಕಾಲು ನೋಡುತ್ತಾನೆ. ಅವನು ಎಡಕ್ಕೆ ವಾಲುತ್ತಾನೋ ಬಲಕ್ಕೋ ಎಂದು ಲೆಕ್ಕ ಹಾಕುತ್ತಾನೆ. ಆಡುತ್ತಿರುವವನಿಗೆ ಕಾಣದ್ದು ಬೆಂಚಿಗೆ ಕಾಣುತ್ತದೆ. ಕೊಟ್ಟ ಮಾತಿನಂತೆ ಒಳಗೆ ಕಳಿಸು. ಮಾತು ತಪ್ಪಿದರೆ ಹೇಳದೆ ಇರುವುದಕ್ಕಿಂತ ಕೆಟ್ಟದ್ದು.

ಕಾಲೇಜು ಬಿಟ್ಟ ಮೇಲೂ ನಾನು ಮಾಡಿದ್ದು ಅದೇ. ಇಳಕಲ್ಲು, ಮುಧೋಳ, ಬಾದಾಮಿ, ಎಲ್ಲ ಕಡೆ ಯಾರದೋ ರಜೆಯ ಜಾಗ. ಈ ಜಿಲ್ಲೆಯ ಪಿ.ಟಿ. ಟೀಚರುಗಳ ಬಾಣಂತನಗಳೆಲ್ಲ ನನಗೆ ತಾರೀಖಿನ ಸಮೇತ ಗೊತ್ತು. ಈಗ ನಿನ್ನ ಜಾಗ. ಪ್ರಿನ್ಸಿಪಾಲರು ಮೊನ್ನೆ ಕೇಳಿದರು, ನೀನು ಬರುವುದು ಖಚಿತವೇ ಎಂದು. ನನಗೆ ಗೊತ್ತಿಲ್ಲ ಎಂದೆ.

ಪ್ರೇಮಕುಮಾರಿ


ಸ್ಟುಟ್‌ಗಾರ್ಟ್
3 ಜೂನ್ 2002

ಪ್ರೇಮಾ, ಪ್ರೇಮಾ, ಪ್ರೇಮಾ,

ಗೆದ್ದೆವು. ಎರಡು ವರ್ಷದಲ್ಲಿ ಈ ತಂಡ ಗೆದ್ದ ಮೊದಲ ಮ್ಯಾಚ್.

ಊರೆಲ್ಲ ಕಾಲಿನ ಫುಟ್‌ಬಾಲಿನ ವರ್ಲ್ಡ್ ಕಪ್ ಗುಂಗಿನಲ್ಲಿದೆ, ನಮ್ಮನ್ನು ನೋಡಲು ನಲವತ್ತು ಜನವೂ ಇರಲಿಲ್ಲ. ಚಿಂತೆಯಿಲ್ಲ. ಶುಕ್ರವಾರವೇ ಐವರಿಗೂ ಚೀಟಿ ಕೊಟ್ಟಿದ್ದೆ, ನೀನು ಹೇಳಿದ ಹಾಗೆ. ಟೋರ್ಸ್ಟನ್ ತನ್ನ ಚೀಟಿಯನ್ನು ಕೈಗವಸಿನೊಳಗೆ ಇಟ್ಟುಕೊಂಡು ಬಂದಿದ್ದ. ಬೆಂಚಿನ ಮೇಲೆ ಅವನು ಎದುರಾಳಿಯ ಕಾಲನ್ನೇ ನೋಡುತ್ತ ಕೂತ. ಒಳಗೆ ಹೋಗುವ ಮುಂಚೆ ಮಥಿಯಾಸನ ಕಿವಿಯಲ್ಲಿ ಏನೋ ಉಸುರಿದ, ಒಳಗೆ ಹೋದ, ಎದುರಿನ ನಾಯಕನನ್ನು ಚೆಂಡಿನ ಸಮೇತ ನೆಲಕ್ಕೆ ಹಾಕಿದ. ನಾನು ಬಾಯಿಗೆ ಬೆರಳಿಟ್ಟು ಸೀಟಿ ಹೊಡೆದೆ. ಗುರುಬಸಪ್ಪ ಪಕ್ಕದಲ್ಲಿ ನಿಂತು, "ಮಂದಿ ನೋಡಾಕತ್ತಾರ" ಎಂದರು. ನೋಡಲಿ ಬಿಡಿ ಎಂದೆ.

ಇಲ್ಲಿಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿದೆ, ತುಣುಕು ಕತ್ತರಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಮೇಲಿನ ದಪ್ಪಕ್ಷರದಲ್ಲಿ "ಭಾರತದಿಂದ ಬಂದ ಆಳ" ಎಂದಿದೆ. ಉಳಿದದ್ದು ಹೀಗೇ ಆಟದ ವರದಿ. ನೋಟಿಸ್ ಬೋರ್ಡಿಗೆ ಹಾಕು, ಪ್ರಿನ್ಸಿಪಾಲರು ನೋಡಲಿ.

ಜುಲೈ ಒಂದರ ಬಗ್ಗೆ ಅವರಿಗೆ ಏನು ಅವಸರ? ಟಿಕೆಟ್ ಇನ್ನೂ ಮಾಡಿಸಿಲ್ಲ. ಬಂದರೆ ಬಂದೆ, ಇಲ್ಲದಿದ್ದರೆ ರಜೆ ಮುಂದುವರಿಸಲು ಅರ್ಜಿ ಹಾಕಿದರಾಯಿತು. ನೀನಿದ್ದೀಯಲ್ಲ.

ಸೌಭಾಗ್ಯಾ


ಬಾಗಲಕೋಟೆ
14 ಜೂನ್ 2002

ಸೌಭಾಗ್ಯಾ,

ನಿನ್ನ ಪತ್ರವೂ ಪತ್ರಿಕೆಯ ತುಣುಕೂ ಮುಟ್ಟಿದವು. ಗೆದ್ದದ್ದು ಸಂತೋಷ.

ಭಾನುವಾರ ಪಂದ್ಯಾವಳಿಗೆಂದು ಗದಗಿಗೆ ಹೋಗಿದ್ದೆವು. ಅಲ್ಲಿ ನಿವೃತ್ತರಾದ ನರ್ಸಮ್ಮ ಒಬ್ಬರಿದ್ದಾರೆ, ಬಹಳ ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿದವರು. ತುಣುಕು ಓದಿಸಿದೆ. ನೋಟಿಸ್ ಬೋರ್ಡಿಗೆ ಹಾಕಿಲ್ಲ.

ಪಂದ್ಯಾವಳಿಯಲ್ಲಿ ಎರಡನೆಯವರಾದೆವು.

ಪ್ರಿನ್ಸಿಪಾಲರು ಜೂನ್ ಮೂವತ್ತರೊಳಗೆ ನಿನ್ನ ಉತ್ತರ ಬೇಕೆಂದಿದ್ದಾರೆ.

ಪ್ರೇಮಕುಮಾರಿ


ಸ್ಟುಟ್‌ಗಾರ್ಟ್
23 ಜೂನ್ 2002

ಪ್ರೇಮಾ,

ನಿನ್ನ ನಾಲ್ಕು ಸಾಲಿನ ಪತ್ರ ಗುರುವಾರ ಬಂದಾಗ, ಪಾಪ ಕೆಲಸದ ಗಡಿಬಿಡಿಯಲ್ಲಿ ಬರೆದಿದ್ದಾಳೆ ಅಂದುಕೊಂಡೆ. ಅಂಥ ದಡ್ಡಿ ನಾನು.

ನಿನ್ನೆ ಮ್ಯಾಚಿತ್ತು. ಟೋರ್ಸ್ಟನ್‌ಗೆ ಕೊಟ್ಟ ಚೀಟಿಯಲ್ಲಿ ಮೂರನೇ ಭಾಗದ ಮೊದಲ ಆಟ ಎಂದು ಬರೆದಿದ್ದೆ. ನಾವು ಮುಂದಿದ್ದೆವು, ನಾಲ್ವರು ಚೆನ್ನಾಗಿ ಆಡುತ್ತಿದ್ದರು, ಗದ್ದಲದಲ್ಲಿ ನಾನು ಅವನನ್ನು ಮರೆತೇಬಿಟ್ಟೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಕೊನೇ ಸೀಟಿಯವರೆಗೆ ಕೂತಿದ್ದ. ಗೆದ್ದ ಮೇಲೆ ಎಲ್ಲರೂ ಕುಣಿಯುತ್ತಿದ್ದಾಗ ನನ್ನ ಹತ್ತಿರ ಬಂದ. ಸಿಟ್ಟು ಮಾಡಲಿಲ್ಲ. ಬೆವರಿಲ್ಲದ ಕೈಗವಸಿನಿಂದ ಚೀಟಿ ತೆಗೆದು ನನ್ನ ಕೈಗಿಟ್ಟು, ಮುಂದಿನ ಸಲ ಯಾವಾಗ ಎಂದಷ್ಟೇ ಕೇಳಿದ.

ಮನೆಗೆ ಬಂದು ನಿನ್ನ ಎಲ್ಲ ಪತ್ರಗಳನ್ನೂ ಮೊದಲಿನಿಂದ ಓದಿದೆ. "ಓದಿಸಿದೆ" ಎಂಬ ಮಾತಿಗೆ ಬಂದಾಗ ಮುಖ ಬಿಸಿಯಾಯಿತು.

ಹಾಗಾದರೆ ನಿನಗೆ ಗೊತ್ತಿದೆ. ಪತ್ರಿಕೆಯ ಹುಡುಗಿ ಈ ವಿಧಾನ ಎಲ್ಲಿಂದ ಕಲಿತಿರಿ ಎಂದು ಕೇಳಿದಳು. ನನ್ನ ಗೆಳತಿ ಬರೆದು ತಿಳಿಸಿದಳು ಎನ್ನಲು ಒಂದು ಉಸಿರು ಸಾಕಿತ್ತು. ನಾನು, ನಾಲ್ಕು ವರ್ಷ ಬೆಂಚಿನ ಮೇಲೆ ಕೂತು ಕಲಿತೆ ಎಂದೆ. ಬೆವರಿಲ್ಲದ ಪಟ್ಟಿ ಮಡಚುವ ನಾಚಿಕೆಯನ್ನೂ ನನ್ನದೇ ಎನ್ನುವ ಹಾಗೆ ಹೇಳಿದೆ. ಕೇಳಲು ಚೆನ್ನಾಗಿತ್ತು, ಅವಳ ಕಣ್ಣು ತೇವವಾಯಿತು, ನನಗೂ ಆ ಗಳಿಗೆ ಅದು ನಿಜ ಅನಿಸಿತು. ಇದಕ್ಕೆ ಕ್ಷಮೆ ಕೇಳುವ ಮಾತು ನನಗೆ ಗೊತ್ತಿರುವ ಯಾವ ಭಾಷೆಯಲ್ಲೂ ಸಾಲದು. ಆದರೂ ಕೇಳುತ್ತೇನೆ. ತಪ್ಪಾಯಿತು.

ರಾತ್ರಿ ಊಟಕ್ಕೆ ಕೂತಾಗ ಇವರು ಕೇಳಿದರು, "ಖರೇ ಹೇಳು, ನೀ ಊರಿಗೆ ಹೊಕ್ಕೀ ಏನು?" ನನಗೆ ಮೇ ತಿಂಗಳಿಂದಲೇ ಗೊತ್ತಿತ್ತು, ಹೋಗುವುದಿಲ್ಲ ಎಂದು. ಇವರ ಕೆಲಸ ಇನ್ನೂ ಮೂರು ವರ್ಷ ಇಲ್ಲಿದೆ, ನನಗೂ ಈಗ ಇಲ್ಲಿ ಬೆಳಗಾದರೆ ಏಳಲು ಕಾರಣವಿದೆ. ಆದರೂ ಆ ಒಂದು ಹುದ್ದೆ ಬಿಡಲು ಮನಸ್ಸಿರಲಿಲ್ಲ. ನನ್ನ ಹೆಸರಿನಲ್ಲಿ ನಾನು ಸಂಪಾದಿಸಿದ್ದು ಅದೊಂದೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಆ ಬಸ್ಸಿಗೆ ಹತ್ತದೆಯೇ ಕೂತವಳು ನಾನು. ಪಕ್ಕದಲ್ಲಿ ಕಂಬಿ ಹಿಡಿದು ನಿಂತವಳು ನೀನು.

ನಾಳೆ ಬೆಳಿಗ್ಗೆ ರಾಜೀನಾಮೆಯನ್ನು ಕಾಲೇಜಿಗೆ ಫ್ಯಾಕ್ಸ್ ಮಾಡುತ್ತೇನೆ. ಸಹಿ ಮಾಡಿ ಸ್ವಲ್ಪ ಅತ್ತೆ, ಆಮೇಲೆ ಸರಿಹೋಯಿತು.

ಸೌಭಾಗ್ಯಾ


ಬಾಗಲಕೋಟೆ
4 ಜುಲೈ 2002

ಸೌಭಾಗ್ಯಾ,

ಫ್ಯಾಕ್ಸ್ ಇಪ್ಪತ್ನಾಲ್ಕಕ್ಕೇ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಗಟ್ಟಿಯಾಗಿ ಓದಿ ಹೇಳಿದರು. ನಾನು ಮೈದಾನಕ್ಕೆ ಹೋಗಿ ಒಬ್ಬಳೇ ಮೂರು ಸುತ್ತು ಓಡಿದೆ. ನಿನ್ನ ಪತ್ರ ನಿನ್ನೆ ಬಂತು.

ಮೊದಲು ಸಿಟ್ಟಿನ ಮಾತು ಮುಗಿಸುತ್ತೇನೆ. ನರ್ಸಮ್ಮ ಓದಿ ಹೇಳುವಾಗ ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ನನ್ನ ಪಟ್ಟಿ ಬಂತು, ನನ್ನ ಬಳೆ ಬಂದವು, ಎಲ್ಲ ನಿನ್ನ ಮೈಮೇಲೆ. ಮೂವತ್ತೊಂದು ಮ್ಯಾಚೂ ನೀನೇ ಆಡಿದೆ. ನನ್ನ ಹತ್ತಿರ ಇದ್ದದ್ದು ಬೆಂಚು ಒಂದೇ, ಅದನ್ನೂ ನೀನೇ ತಗೊಂಡೆ. ಗದಗಿನಿಂದ ಬರುವಾಗ ಬಸ್ಸಿನಲ್ಲಿ ಬಸಲಿಂಗವ್ವ ಕೇಳಿದಳು, "ಯಾಕ್ರಿ ಮೇಡಂ, ಕಪ್ ತಪ್ಪಿದ್ದಕ್ಕ ಅಳಾಕತ್ತೀರೇನು?" ಹೌದು ಎಂದೆ.

ನೀನಾಗಿಯೇ ಒಪ್ಪಿಕೊಂಡದ್ದು ಓದಿ ಆ ಸಿಟ್ಟು ಇಳಿಯಿತು. ಪೂರ್ತಿ ಇಳಿದಿಲ್ಲ, ಒಂದು ಎರಡಾಣೆ ಇಟ್ಟುಕೊಂಡಿದ್ದೇನೆ.

ಈಗ ಒಂದು ತಿಳುವಳಿಕೆ. ನಿನ್ನ ರಾಜೀನಾಮೆ ನನಗೆ ನೌಕರಿ ಕೊಡಲಿಲ್ಲ. ಪೇಪರಿನಲ್ಲಿ ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ, ಅರ್ಹರನ್ನು ತೆಗೆದುಕೊಳ್ಳಬೇಕೆಂದು ನಿಯಮ. ಮೂವತ್ತು ನಲವತ್ತು ಅರ್ಜಿ ಬರಬಹುದೆಂದು ಗುಮಾಸ್ತರ ಅಂದಾಜು. ಧಾರವಾಡದ ಕಡೆಯವಳೊಬ್ಬಳು ರಾಷ್ಟ್ರಮಟ್ಟದಲ್ಲಿ ಆಡಿದವಳಂತೆ. ನನ್ನ ಅರ್ಜಿಯಲ್ಲಿ "ಆಡಿದ ಪಂದ್ಯಗಳು" ಎಂಬ ಕಾಲಂ ಖಾಲಿ. ಬಹಳ ಹೆದರಿಕೆಯಾಗುತ್ತಿದೆ.

ಆದರೂ ಸಂದರ್ಶನ ಆಗಸ್ಟ್ ಹನ್ನೆರಡಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ ಎಂದು ಬೋರ್ಡಿನ ಮೇಲೆ ಬರೆದಿದ್ದಾರೆ. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಒಂದು ತಾರೀಖಿದೆ. ನೀನು ಕೊಟ್ಟದ್ದು ಅದು. ಅದಕ್ಕೆ ನಿನಗೆ ಥ್ಯಾಂಕ್ಸ್.

ಪ್ರೇಮಾ


ಸ್ಟುಟ್‌ಗಾರ್ಟ್
14 ಜುಲೈ 2002

ಪ್ರೇಮಾ,

ಎರಡಾಣೆ ಸಿಟ್ಟು ಇಟ್ಟುಕೋ, ನನಗೆ ಬೇಕಾಗುತ್ತದೆ.

ಗುರುವಾರ ಅಭ್ಯಾಸ ಮುಗಿದ ಮೇಲೆ ಇಡೀ ತಂಡವನ್ನು ಕೂರಿಸಿ ನಿಜ ಹೇಳಿದೆ. ನನ್ನ ಇಂಗ್ಲಿಷನ್ನು ಯೋರ್ಗ್ ಜರ್ಮನ್ ಮಾಡಿದ. ಬೆಂಚಿನ ಮೇಲೆ ಕೂತವಳು ನಾನಲ್ಲ, ನನ್ನಿಂದಾಗಿ ಕೂತವಳು ಬೇರೆ, ಅವಳ ಹೆಸರು ಪ್ರೇಮಕುಮಾರಿ, ಚೀಟಿ ಕೊಡು ಎಂದವಳು ಅವಳೇ ಎಂದೆ. ಆಮೇಲೆ ಟೋರ್ಸ್ಟನ್ ಕೇಳಿದ, ಅವಳು ಈಗ ಆಡುತ್ತಾಳೆಯೇ? ಇಲ್ಲ, ಸಂದರ್ಶನಕ್ಕೆ ಕಾಯುತ್ತಿದ್ದಾಳೆ, ಆಡಿದ ಪಂದ್ಯಗಳ ಕಾಲಂ ಖಾಲಿ ಇದೆ ಎಂದು ಹೆದರಿದ್ದಾಳೆ ಎಂದೆ.

ಈ ಜನಕ್ಕೆ ಯಾವುದೇ ಕಷ್ಟ ಬಂದರೂ ಒಂದು ಸರ್ಟಿಫಿಕೇಟ್ ಬರೆದು ಗುಂಡು ಮುದ್ರೆ ಹೊಡೆದರೆ ಸಮಾಧಾನ. ಯೋರ್ಗ್ ಮರುದಿನವೇ ತಂಡದ ಲೆಟರ್‌ಹೆಡ್ಡಿನಲ್ಲಿ ಒಂದು ಬರೆದು ತಂದ: ಶ್ರೀಮತಿ ಪ್ರೇಮಕುಮಾರಿಯವರು ಮೇ 2002ರಿಂದ ನಮ್ಮ ಡಿಫೆನ್ಸಿವ್ ಲೈನಿನ ಸಲಹೆಗಾರರು, ಅವರ ವಿಧಾನದಿಂದ ಒಂಬತ್ತು ಆಟಗಾರರು ಬಳಕೆಗೆ ಬಂದರು. ಇದರ ಜೊತೆ ಕಳಿಸಿದ್ದೇನೆ, ಮುದ್ರೆ ಎರಡು ಕಡೆ ಇದೆ. ಹಿಂದೆ ಒಂಬತ್ತೂ ಜನ ಸಹಿ ಹಾಕಿದ್ದಾರೆ. ಅವಳಿಗೆ ಮದುವೆಯಾಗಿಲ್ಲ, ಶ್ರೀಮತಿ ಅನ್ನಬೇಡ ಎಂದು ಅವನಿಗೆ ಹೇಳಿದೆ, ಇಲ್ಲಿ ಎಲ್ಲರಿಗೂ ಹಾಗೇ ಬರೆಯುತ್ತಾರಂತೆ. ಪತ್ರಿಕೆಯವರಿಗೂ ತಿದ್ದುಪಡಿ ಬರೆದುಕೊಟ್ಟಿದ್ದೇನೆ. ನನ್ನ ಫೋಟೋ ಈ ಸಲ ಇಲ್ಲ.

ನಿನ್ನೆ ಕೊನೇ ಮ್ಯಾಚ್. ಟೋರ್ಸ್ಟನ್ ಮೊದಲ ಆಟಕ್ಕೇ ನಿಂತ, ಒಂಬತ್ತೂ ಜನ ಆಡಿದರು, ಮೂರು ಪಾಯಿಂಟಿನಿಂದ ಸೋತು ಕುಣಿದೆವು. ಸೋತರೂ ಮುಂದಿನ ವರ್ಷ ಇದೇ ವಿಭಾಗದಲ್ಲಿ ಉಳಿದಿದ್ದೇವೆ. ಆಗಸ್ಟಿನಲ್ಲಿ ನನ್ನ ಪಾಸ್‌ಪೋರ್ಟಿನ ಚೀಟಿ ಬದಲಾಗುತ್ತದಂತೆ. ನಾನೂ ಎಲ್ಲಾದರೂ ಅರ್ಜಿ ಹಾಕಬೇಕು, ಒಳಗೊಳಗೆ ಭಯ ಇದ್ದೇ ಇದೆ. ಹೇಗೆ ಕಾಯಬೇಕೆಂದು ನೀನೇ ಹೇಳಿಕೊಡಬೇಕು.

ಸೌಭಾಗ್ಯಾ


ಬಾಗಲಕೋಟೆ
16 ಆಗಸ್ಟ್ 2002

ಸೌಭಾಗ್ಯಾ,

ಮೊದಲು ಸಂದರ್ಶನದ್ದು.

ಐದು ಜನ ಕೂತಿದ್ದರು, ನಾಲ್ವರು ಗಂಡಸರು, ಒಬ್ಬರು ಯೂನಿವರ್ಸಿಟಿಯ ಮೇಡಂ. ಅರ್ಜಿ ನೋಡಿ ಮೊದಲನೆಯವರು, "ಎಷ್ಟ ಮ್ಯಾಚ್ ಆಡೀರಿ?" ಎಂದರು.

"ಒಂದೂ ಆಡಿಲ್ಲರಿ. ಮೂವತ್ತೊಂದು ಮ್ಯಾಚ್ ಬೆಂಚಿನ ಮ್ಯಾಲೆ ಕುಂತು ನೋಡೀನಿ."

ಒಬ್ಬರು ನಕ್ಕರು. ಮೇಡಂ ನಗಲಿಲ್ಲ. ನಾನು ಜರ್ಮನಿಯ ಸರ್ಟಿಫಿಕೇಟ್ ಮುಂದಿಟ್ಟೆ. ಅದು ಕೈಯಿಂದ ಕೈಗೆ ಹೋಯಿತು, ಅಧ್ಯಕ್ಷರು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು, ಓದಲು ಯಾರಿಗೂ ಬರಲಿಲ್ಲ. ಗದಗಿನ ನರ್ಸಮ್ಮನಿಂದ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪೂರ್ತಿ ಜರ್ಮನ್‌ನಲ್ಲೇ ಓದಿದೆ. ತಪ್ಪು ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ, ಧೈರ್ಯವಾಗಿ ಓದಿದೆ.

ಆಮೇಲೆ ಕೊನೆಗೆ ಉಳಿದ ನಾಲ್ವರನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಪ್ರತಿಯೊಬ್ಬರಿಗೂ ಬೇರೆ ಕಾಲೇಜಿನ ಹನ್ನೆರಡು ಹುಡುಗಿಯರು, ಇಪ್ಪತ್ತು ನಿಮಿಷ. ಉಳಿದವರೆಲ್ಲ ಚುರುಕಾದ ಏಳು ಜನರನ್ನು ಆರಿಸಿ ಆಡಿಸಿದರು. ಧಾರವಾಡದವಳು ಬಹಳ ಚೆನ್ನಾಗಿ ಹೇಳಿಕೊಟ್ಟಳು. ನನ್ನ ಸರದಿ ಬಂದಾಗ ನಾನು ಮೊದಲು ಪಕ್ಕಕ್ಕೆ ಸರಿದು ನಿಂತಿದ್ದ ಐವರ ಹತ್ತಿರ ಹೋದೆ. ಒಬ್ಬೊಬ್ಬಳಿಗೂ ನೀನು ಇಷ್ಟನೇ ರೇಡಿಗೆ ಒಳಗೆ ಬರುತ್ತೀ, ಅಲ್ಲಿಯವರೆಗೆ ಎದುರಿನವಳ ಕಾಲು ನೋಡು ಎಂದೆ. ಆಮೇಲೆ ಆಟ ಶುರು ಮಾಡಿದೆ. ಹನ್ನೆರಡೂ ಹುಡುಗಿಯರು ಆಡಿದರು. ಮೇಡಂ ಎದ್ದು ಗೆರೆಯ ಹತ್ತಿರ ಬಂದು ನಿಂತರು.

ಹದಿನಾಲ್ಕಕ್ಕೆ ಆರ್ಡರ್ ಬಂತು. ಖಾಯಂ. ನನ್ನ ಹೆಸರು ಸರಿಯಾಗಿ ಬರೆದಿದ್ದಾರೆ, ಯಾರ ಬದಲಿಗೂ ಅಲ್ಲ.

ಈಗ ನಿನ್ನೆಯದು. ಸ್ವಾತಂತ್ರ್ಯ ದಿನದ ಧ್ವಜ ಇಳಿಯುವ ಮುಂಚೆ ಹೆಣ್ಣುಮಕ್ಕಳ ತಂಡಕ್ಕೂ ನಮ್ಮ ಸಿಬ್ಬಂದಿಗೂ ಕಬಡ್ಡಿ ಇಟ್ಟಿದ್ದರು. ಬಸಲಿಂಗವ್ವ ಎಲ್ಲರ ಮುಂದೆ, "ಮೇಡಂ, ನೀವ ಒಮ್ಮೆ ಆಡಿ ತೋರಸ್ರಿ, ಬರೇ ಹೇಳೂದಾತು" ಎಂದಳು. ಪಟ್ಟಿ ಕಟ್ಟಿದೆ. ರೈಟ್ ಕಾರ್ನರಿಗೆ ನಿಂತೆ, ಮೊದಲ ನಿಮಿಷದಿಂದ. ಮೊದಲ ರೇಡಿಗೆ ಅವಳೇ ಬಂದಳು. ಅವಳ ಎಡಗಾಲು ತಡವಾಗಿ ಏಳುತ್ತದೆ, ವರ್ಷದಿಂದ ನೋಡಿದ್ದೇನೆ. ಹಿಡಿದೆ. ಬಿಡಲಿಲ್ಲ. ಗುಮಾಸ್ತರು ಬೋರ್ಡಿನ ಮೇಲೆ ನಮಗೆ ಒಂದು ಎಂದು ಬರೆದರು.

ಎರಡನೇ ಸಲ ಇನ್ನೊಬ್ಬಳು ನನ್ನ ಹೆಗಲು ಮುಟ್ಟಿ ಗೆರೆ ದಾಟಿದಳು. ಔಟಾದೆ. ಹೋಗಿ ಬೆಂಚಿನ ಮೇಲೆ ಕೂತೆ, ನನ್ನ ಮುಂದೆ ಲೈಬ್ರರಿಯ ಮುನಿಲಕ್ಷ್ಮಮ್ಮ ಒಬ್ಬರೇ. ಅವರ ನಂತರ ನಾನು. ಪಟ್ಟಿ ಬೆವರಿನಿಂದ ಒದ್ದೆಯಾಗಿತ್ತು, ಉಸಿರು ನಿಲ್ಲುತ್ತಿರಲಿಲ್ಲ, ನಗು ತಡೆಯಲಾಗುತ್ತಿರಲಿಲ್ಲ. ಮುನಿಲಕ್ಷ್ಮಮ್ಮ, "ಔಟಾಗಿ ಯಾರಾರ ನಗ್ತಾರೇನವ್ವಾ?" ಎಂದರು. ಅಷ್ಟರಲ್ಲಿ ನಮ್ಮವರು ಎರಡು ಪಾಯಿಂಟ್ ತಂದರು. ಮುನಿಲಕ್ಷ್ಮಮ್ಮ ಎದ್ದರು. ಅವರ ಹಿಂದೆಯೇ ನಾನೂ ಎದ್ದು ಒಳಗೆ ಹೋದೆ.

ಪ್ರೇಮಾ